ಏಳನೆಯ ಪ್ರಶ್ನೆಯ ಎತ್ತು

ರೋಣ
8 ಜನವರಿ 2007

ಮಾನ್ಯ ಕೆ. ಎಂ. ನದಾಫ ಸರ್ ಅವರಿಗೆ,
ವಿಜ್ಞಾನ ಶಿಕ್ಷಕರು, ಪ್ರೌಢಶಾಲೆ, ಗಜೇಂದ್ರಗಡ

ನಮಸ್ಕಾರ. ನಾನು ಇಲ್ಲಿಯ ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವನು. ನಮಗೆ ಪರಸ್ಪರ ಪರಿಚಯವಿಲ್ಲ, ಆದರೆ ನಿಮ್ಮ ಮಕ್ಕಳ ಪರಿಚಯ ನನಗೆ ಚೆನ್ನಾಗಿದೆ.

ಕಳೆದ ಜೂನಿನಲ್ಲಿ ನಿಮ್ಮ ಶಾಲೆಯಿಂದ ಹನ್ನೊಂದು ಮಕ್ಕಳು ನಮ್ಮಲ್ಲಿ ಪ್ರಥಮ ಪಿಯುಸಿ ವಿಜ್ಞಾನಕ್ಕೆ ಬಂದರು. ಹತ್ತನೆಯ ತರಗತಿಯ ವಿಜ್ಞಾನದಲ್ಲಿ ಎಲ್ಲರಿಗೂ ಎಂಬತ್ತರ ಮೇಲೆ ಅಂಕ. ದಸರೆಯ ಹೊತ್ತಿಗೆ ಆರು ಮಂದಿ ಕಲಾ ವಿಭಾಗಕ್ಕೆ ಸರಿದರು, ಇಬ್ಬರು ಕಾಲೇಜನ್ನೇ ಬಿಟ್ಟರು. ಉಳಿದ ಮೂವರು ನಾನು ಹೇಳಿದ್ದನ್ನೆಲ್ಲ ಬರೆದುಕೊಳ್ಳುತ್ತಾರೆ, ಪ್ರಶ್ನೆ ಕೇಳಿದರೆ ನೆಲ ನೋಡುತ್ತಾರೆ. ನೇರವಾಗಿ ಹೇಳುತ್ತೇನೆ, ತಪ್ಪು ತಿಳಿಯಬೇಡಿ. ನಿಮ್ಮ ಮಕ್ಕಳು ಅಂಕ ತರುತ್ತಾರೆ, ಅರ್ಥ ತರುವುದಿಲ್ಲ.

ಇದಕ್ಕೆ ನಾವಿಬ್ಬರೂ ಸೇರಿ ಏನಾದರೂ ಮಾಡಬಹುದು ಎಂದು ನನ್ನ ಯೋಚನೆ. ನಾನೊಂದು ಹತ್ತು ಪ್ರಶ್ನೆಗಳ ಪತ್ರಿಕೆ ಕಳಿಸುತ್ತೇನೆ. ನಿಮ್ಮ ಹತ್ತನೆಯ ತರಗತಿಯವರು ಬರೆಯಲಿ. ಎಲ್ಲಿ ಎಡವುತ್ತಾರೆ ಎಂದು ನೋಡಿ, ಆಯ್ದ ಹನ್ನೆರಡು ಮಕ್ಕಳಿಗೆ ಮೇ ತಿಂಗಳಲ್ಲಿ ಇಲ್ಲಿ ಮೂರು ವಾರ ಪಾಠ ಮಾಡುತ್ತೇನೆ. ಒಬ್ಬ ವಿದ್ಯಾರ್ಥಿನಿಗೆ ಎರಡು ವರ್ಷ ನಮ್ಮ ವಸತಿನಿಲಯದಲ್ಲಿ ಉಚಿತ ಜಾಗ ಕೊಡಲು ಆಡಳಿತ ಮಂಡಳಿ ಒಪ್ಪಿದೆ.

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ಆಡಿದ್ದಕ್ಕೆ ಸಾಕ್ಷಿ ಇರುವುದಿಲ್ಲ. ದಯವಿಟ್ಟು ಬರವಣಿಗೆಯಲ್ಲೇ ಉತ್ತರಿಸಿ.

ತಮ್ಮ ವಿಶ್ವಾಸಿ,
ಸಂಜೀವಕುಮಾರ ಕುರಡಗಿ


ಗಜೇಂದ್ರಗಡ
17 ಜನವರಿ 2007

ಮಾನ್ಯ ಕುರಡಗಿ ಸರ್ ಅವರಿಗೆ,

ನಮಸ್ಕಾರ. ಮೊದಲನೆಯದಾಗಿ, ನಾನು ‘ಸರ್’ ಅಲ್ಲ. ಕೆ. ಎಂ. ನದಾಫ ಎಂದರೆ ಕಮರುನ್ನಿಸಾ. ಹದಿಮೂರು ವರ್ಷದಿಂದ ಈ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೇನೆ. ಅರ್ಥವಿಲ್ಲದ ಅಂಕಗಳನ್ನು ನಿಮ್ಮ ಕಡೆಗೆ ಕಳಿಸುತ್ತಿರುವವಳು ನಾನೇ.

ನಿಮ್ಮ ಪತ್ರವನ್ನು ನಮ್ಮ ಮುಖ್ಯಗುರುಗಳಾದ ಕಳಕಪ್ಪ ಸರ್ ಅವರಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ಎರಡು ಸಲ ಓದಿ ಹೇಳಿದ್ದು ಇಷ್ಟು: “ರೋಣದವ್ರು ಪುಕ್ಕಟೆ ಏನೂ ಕೊಡೂದಿಲ್ರಿ ಟೀಚರ್. ಕೊಟ್ರಂದ್ರ ಅದರ ಹಿಂದ ಏನರ ಇರತೈತಿ.” ನಾನೂ ಹಾಗೇ ಅಂದುಕೊಂಡೆ. ಮುಚ್ಚಿಡುವುದೇಕೆ?

ಆದ್ದರಿಂದ ಕೇಳುತ್ತೇನೆ. ಈ ತಾಲೂಕಿನಲ್ಲಿ ಇಷ್ಟು ಶಾಲೆಗಳಿರುವಾಗ ನಮ್ಮದೇ ಯಾಕೆ? ನಿಮ್ಮ ವಿಜ್ಞಾನ ವಿಭಾಗಕ್ಕೆ ಮಕ್ಕಳು ಸಾಲುತ್ತಿಲ್ಲವೇ? ಬೇಸಿಗೆ ಪಾಠಕ್ಕೆ ಬಂದವರು ನಿಮ್ಮ ಕಾಲೇಜಿಗೇ ಸೇರಬೇಕೆಂಬ ಕರಾರು ಉಂಟೋ? ಪರೀಕ್ಷೆಯ ಫಲಿತಾಂಶ ನಮ್ಮಿಬ್ಬರಲ್ಲೇ ಉಳಿಯುತ್ತದೋ, ಇಲಾಖೆಯವರ ಮೇಜಿನ ಮೇಲೂ ಹೋಗುತ್ತದೋ?

ಇನ್ನೊಂದು ಮಾತು. ಮಕ್ಕಳು ನೆಲ ನೋಡುತ್ತಾರೆ ಎಂದಿರಿ. ಮೇಲೆ ನೋಡಿದಾಗ ಅವರಿಗೆ ಏನು ಕಾಣುತ್ತದೆ ಎಂಬುದೂ ಅದರಲ್ಲಿ ಸೇರಿದೆ. ರೋಣದ ಕಾಲೇಜು ನನಗೆ ತೀರ ಅಪರಿಚಿತವಾದುದಲ್ಲ.

ಕಮರುನ್ನಿಸಾ ನದಾಫ


ರೋಣ
24 ಜನವರಿ 2007

ಮಾನ್ಯ ಕಮರುನ್ನಿಸಾ ಮೇಡಂ ಅವರಿಗೆ,

‘ಸರ್’ ಎಂದು ಬರೆದದ್ದಕ್ಕೆ ಕ್ಷಮೆ ಇರಲಿ. ಕರಾರು ಏನೂ ಇಲ್ಲ, ಮಕ್ಕಳು ಎಲ್ಲಿ ಬೇಕಾದರೂ ಸೇರಬಹುದು. ಫಲಿತಾಂಶ ಇಲಾಖೆಗೆ ಹೋಗುವುದಿಲ್ಲ. ನಿಮ್ಮ ಶಾಲೆಯೇ ಯಾಕೆಂದರೆ, ಅತಿ ಹೆಚ್ಚು ಅಂಕ ಬರುವುದು ನಿಮ್ಮಲ್ಲಿಂದ, ಅತಿ ಬೇಗ ಬಿಟ್ಟುಹೋಗುವವರೂ ನಿಮ್ಮವರೇ.

ಪ್ರಶ್ನೆಪತ್ರಿಕೆಯ ಕಟ್ಟನ್ನು ಅರಗಿನ ಮುದ್ರೆ ಒತ್ತಿ ಕಳಿಸಿದ್ದೇನೆ. ಪರೀಕ್ಷೆಯ ದಿನ ಇಬ್ಬರು ಸಾಕ್ಷಿಗಳ ಮುಂದೆ ಒಡೆಯಿರಿ. ಉತ್ತರಪತ್ರಿಕೆಗಳನ್ನು ಅದೇ ದಿನ ಕಟ್ಟಿ, ಅಂಟಿಸಿದ ಜಾಗದ ಮೇಲೆ ಸಹಿ ಹಾಕಿ ಕಳಿಸಿ. ನಿಮ್ಮ ಮೇಲೆ ನಂಬಿಕೆ ಇಲ್ಲವೆಂದಲ್ಲ. ಕಾಗದ ಗಟ್ಟಿ ಇದ್ದರೆ ಮುಂದೆ ಯಾರೂ ಮಾತಾಡುವುದಿಲ್ಲ.

ರೋಣದ ಕಾಲೇಜು ಅಪರಿಚಿತವಲ್ಲ ಎಂದಿರಿ. ಹೇಗೆ?

ಸಂಜೀವಕುಮಾರ ಕುರಡಗಿ


ಗಜೇಂದ್ರಗಡ
12 ಫೆಬ್ರವರಿ 2007

ಮಾನ್ಯ ಕುರಡಗಿ ಸರ್ ಅವರಿಗೆ,

ಶನಿವಾರ ಪರೀಕ್ಷೆ ಆಯಿತು. ನಿಮ್ಮ ಅರಗಿನ ಮುದ್ರೆಯನ್ನು ಕಳಕಪ್ಪ ಸರ್ ಮತ್ತು ನಮ್ಮ ಜವಾನರ ಎದುರಿಗೆ ಒಡೆದೆ. “ಒಳಗ ಸರ್ಕಾರಿ ಖಜಾನಿ ಐತೇನ್ರಿ?” ಎಂದು ಜವಾನರು ಕೇಳಿದರು. ಮೂವತ್ತೊಂದು ಮಕ್ಕಳು ಬರೆದಿದ್ದಾರೆ. ಕಟ್ಟಿನ ನಾಲ್ಕೂ ಅಂಚಿಗೆ ಸಹಿ ಹಾಕಿದ್ದೇನೆ. ಸಾಲದಿದ್ದರೆ ಹೆಬ್ಬೆಟ್ಟನ್ನೂ ಒತ್ತುತ್ತೇನೆ.

ಈಗ ಒಂದು ಕೆಲಸದ ಮಾತು. ಮಧುಮತಿ ಎಂಬ ಹುಡುಗಿ ಇದ್ದಾಳೆ. ತಂದೆ ಅಂದಪ್ಪ, ತಾಯಿ ವೀರವ್ವ, ಕೈಮಗ್ಗದಲ್ಲಿ ಸೀರೆ ನೇಯುವವರು. ಹುಡುಗಿಗೆ ವಿಜ್ಞಾನ ಓದುವ ಹಂಬಲ. ಆದರೆ ಮನೆಯಲ್ಲಿ ಎರಡನೆಯ ಮಗ್ಗ ಹೂಡುವ ತಯಾರಿ ನಡೆದಿದೆ. ನಾನು ಅವರ ಮನೆಗೆ ಹೋಗಿ ನಿಮ್ಮ ವಸತಿನಿಲಯದ ಮಾತು ಎತ್ತಿದೆ. ಅಂದಪ್ಪ ಲಾಳಿ ನಿಲ್ಲಿಸದೆಯೇ ಹೇಳಿದರು: “ಏಪ್ರಿಲ್ ಮುಗಿಯೂದ್ರಾಗ ರೋಣದವ್ರು ಹೂಂ ಅಂದ್ರ ಕಳಸ್ತೀನ್ರಿ. ಇಲ್ಲಾಂದ್ರ ಎರಡನೇ ಮಗ್ಗಕ್ಕ ಕೂಡ್ತಾಳ. ಒಮ್ಮಿ ಕುಂತ್ಲಂದ್ರ ಮತ್ತ ಎಬ್ಬಸಾಕ ಬರಬ್ಯಾಡ್ರಿ.”

ಅವರು ಮಾತಿಗೆ ತಪ್ಪುವವರಲ್ಲ. ಅದೇ ನನ್ನ ಹೆದರಿಕೆ. ಆ ಒಂದು ಜಾಗ ಮಧುಮತಿಗೆ ಸಿಗಲಿ ಎಂದು ಕೇಳುತ್ತಿಲ್ಲ. ಅವಳ ಪತ್ರಿಕೆಯನ್ನು ನಿಧಾನವಾಗಿ ಓದಿ ಎಂದಷ್ಟೇ ಕೇಳುತ್ತೇನೆ.

ಕಮರುನ್ನಿಸಾ ನದಾಫ


ರೋಣ
26 ಫೆಬ್ರವರಿ 2007

ಕಮರುನ್ನಿಸಾ ಮೇಡಂ ಅವರಿಗೆ,

ಪತ್ರಿಕೆಗಳನ್ನು ನೀವು ಹೇಳಿದಂತೆ ನಿಧಾನವಾಗಿಯೇ ಓದಿದೆ.

ಏಳನೆಯ ಪ್ರಶ್ನೆ ಹೀಗಿತ್ತು: ಒಂದೇ ಉದ್ದದ ದಾರಕ್ಕೆ ಮೊದಲು ಹಗುರ ಗುಂಡು, ಆಮೇಲೆ ಭಾರದ ಗುಂಡು ಕಟ್ಟಿ ತೂಗಿಬಿಟ್ಟರೆ, ಒಂದು ತೂಗಾಟಕ್ಕೆ ಹಿಡಿಯುವ ಹೊತ್ತಿನಲ್ಲಿ ವ್ಯತ್ಯಾಸ ಆಗುತ್ತದೆಯೇ? ಆಗುವುದಿಲ್ಲ, ಹೊತ್ತು ನಿಲ್ಲುವುದು ದಾರದ ಉದ್ದದ ಮೇಲೆ, ತೂಕದ ಮೇಲೆ ಅಲ್ಲ. ಇದು ನಿಮಗೆ ನಾನು ಹೇಳಬೇಕಾದ ಸಂಗತಿಯಲ್ಲ.

ನಿಮ್ಮ ಮೂವತ್ತೊಂದು ಮಕ್ಕಳಲ್ಲಿ ಮೂವತ್ತು ಜನ ಒಂದೇ ವಾಕ್ಯ ಬರೆದಿದ್ದಾರೆ: ‘ಗುಂಡು ಭಾರವಾದಷ್ಟೂ ತೂಗಾಟವು ನಿಧಾನವಾಗುವುದು, ಭಾರ ಹೊತ್ತ ಎತ್ತು ಮೆಲ್ಲಗೆ ನಡೆಯುವ ಹಾಗೆ.’ ಒಂದಕ್ಷರ ಆಚೆ ಈಚೆ ಇಲ್ಲ. ಎತ್ತು ಕೂಡ ಎಲ್ಲರ ಪತ್ರಿಕೆಯಲ್ಲೂ ಒಂದೇ ಜಾಗದಲ್ಲಿ ಬಂದು ನಿಂತಿದೆ.

ಮೂವತ್ತೊಂದನೆಯವಳು ನಿಮ್ಮ ಮಧುಮತಿ. ಅವಳೂ ಮೊದಲು ಅದನ್ನೇ ಬರೆದು, ಗೀಟು ಹಾಕಿ ಹೊಡೆದು, ಕೆಳಗೆ ಸರಿ ಉತ್ತರ ಬರೆದಿದ್ದಾಳೆ. ನಡುವೆ ಯಾರು ಅವಳ ಬಳಿ ಬಂದರು?

ಆ ವಾಕ್ಯ ಎಲ್ಲಿಂದ ಬಂತು ಎಂಬುದು ನಿಮಗೆ ಗೊತ್ತಿದೆ. ಇದನ್ನು ನಿಮ್ಮಿಂದ ಮಾಡಿಸಿದವರು ಯಾರು ಎಂಬುದನ್ನೂ ನಾನು ಊಹಿಸಬಲ್ಲೆ. ಆಟ ಆಡುವುದಿದ್ದರೆ ಮಕ್ಕಳನ್ನು ಬಿಟ್ಟು ಆಡಬಹುದಿತ್ತು. ವಿವರಣೆ ಬರುವವರೆಗೆ ನಿಮ್ಮ ಶಾಲೆಯ ಎಲ್ಲ ಪತ್ರಿಕೆಗಳನ್ನೂ ತಡೆಹಿಡಿದಿದ್ದೇನೆ.

ಸಂಜೀವಕುಮಾರ ಕುರಡಗಿ


ಗಜೇಂದ್ರಗಡ
3 ಮಾರ್ಚ್ 2007

ಕುರಡಗಿ ಸರ್,

ನಿಮ್ಮ ಪತ್ರ ಓದಿದೆ. ಸಿಟ್ಟಿನಲ್ಲೇ ಉತ್ತರ ಬರೆಯುತ್ತಿದ್ದೇನೆ.

ನಕಲು ನಡೆದಿಲ್ಲ. ಎರಡು ಕೋಣೆಗಳಲ್ಲಿ ಬೆಂಚಿಗೆ ಒಬ್ಬರಂತೆ ಕೂಡಿಸಿದ್ದೆ. ಒಂದು ಕೋಣೆಯಲ್ಲಿ ನಾನು, ಇನ್ನೊಂದರಲ್ಲಿ ಸ್ವತಃ ಮುಖ್ಯಗುರುಗಳು. ಮಧುಮತಿಯ ಬಳಿ ಯಾರೂ ಹೋಗಿಲ್ಲ. ಅವಳು ಸರಿ ಉತ್ತರ ಬರೆದದ್ದೇ ತಪ್ಪಾಯಿತೇ? ತಪ್ಪು ಬರೆದರೆ ದಡ್ಡರು, ಸರಿ ಬರೆದರೆ ಕಳ್ಳರು. ನಿಮ್ಮ ಕಾಲೇಜಿಗೆ ತಯಾರಾಗುವುದಾದರೂ ಹೇಗೆ?

ಆಟ, ಮಾಡಿಸಿದವರು, ಇವೆಲ್ಲ ಏನು? ನನಗೆ ಒಂದೂ ತಿಳಿಯಲಿಲ್ಲ. ನಮ್ಮ ಶಾಲೆಯನ್ನು ಕೈಬಿಡಬೇಕೆಂದು ಮೊದಲೇ ನಿರ್ಧರಿಸಿದ್ದರೆ ಅಷ್ಟೆಲ್ಲ ಅರಗು ಸುಡುವ ಅಗತ್ಯವಿರಲಿಲ್ಲ.

ಸೋಮವಾರ ಏಳನೆಯ ಪ್ರಶ್ನೆಯನ್ನು ಮತ್ತೆ ಬರೆಸುತ್ತೇನೆ. ಈ ಸಲ ಒಬ್ಬೊಬ್ಬರನ್ನೇ ಕರೆದು, ನನ್ನ ಕಣ್ಣೆದುರಿಗೆ. ಫಲಿತಾಂಶವನ್ನು ಅದೇ ದಿನ ಕಳಿಸುತ್ತೇನೆ. ಆಗ ನೀವು ಮಕ್ಕಳ ಕ್ಷಮೆ ಕೇಳಬೇಕಾಗುತ್ತದೆ.

ಕಮರುನ್ನಿಸಾ ನದಾಫ


ರೋಣ
20 ಮಾರ್ಚ್ 2007

ಕಮರುನ್ನಿಸಾ ಮೇಡಂ ಅವರಿಗೆ,

ಸೋಮವಾರ ಎಂದಿದ್ದಿರಿ. ಅದಾದ ಮೇಲೆ ಇನ್ನೂ ಎರಡು ಸೋಮವಾರ ಕಳೆದವು. ಅದೇ ದಿನ ಕಳಿಸುತ್ತೇನೆಂದ ಫಲಿತಾಂಶ ಬಂದಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಎಂಬ ಗಾದೆಯನ್ನು ನೆನಪಿಸುವ ಮನಸ್ಸು ನನಗಿಲ್ಲ, ಆದರೂ ನೆನಪಾಗುತ್ತದೆ.

ಮೌನದಲ್ಲಿ ನಾನು ಏನನ್ನು ಓದಿಕೊಳ್ಳಲಿ? ಒಂದೇ ಪ್ರಶ್ನೆ ಕೇಳುತ್ತೇನೆ, ನೇರವಾಗಿ ಉತ್ತರಿಸಿ. ನೀವು ಪಿಯುಸಿ ಎಲ್ಲಿ, ಯಾವ ವರ್ಷ ಓದಿದಿರಿ? ನಮ್ಮ ಕಾಲೇಜಿನ ಹಳೆಯ ದಾಖಲಾತಿ ಪುಸ್ತಕಗಳನ್ನು ತೆಗೆಸಿ ನೋಡಿದೆ. ನದಾಫ ಎಂಬ ಅಡ್ಡಹೆಸರಿನ ವಿದ್ಯಾರ್ಥಿನಿ ಯಾವ ವರ್ಷದಲ್ಲೂ ಇಲ್ಲ.

ಏಪ್ರಿಲ್ ಹದಿನಾರರಂದು ಆಡಳಿತ ಮಂಡಳಿಯ ಸಭೆ. ವಸತಿನಿಲಯದ ಜಾಗ ಅಂದೇ ತೀರ್ಮಾನವಾಗುತ್ತದೆ.

ಸಂಜೀವಕುಮಾರ ಕುರಡಗಿ


ಗಜೇಂದ್ರಗಡ
29 ಮಾರ್ಚ್ 2007

ಕುರಡಗಿ ಸರ್ ಅವರಿಗೆ,

ಮಕ್ಕಳು ವಾರ್ಷಿಕ ಪರೀಕ್ಷೆಯ ಗಡಿಬಿಡಿಯಲ್ಲಿದ್ದಾರೆ. ನಾನೂ ಅದರಲ್ಲೇ ಇದ್ದೇನೆ.

ನಕಲು ನಡೆದಿಲ್ಲ. ಇದಕ್ಕಿಂತ ಹೆಚ್ಚು ಹೇಳಲು ಈಗ ನನಗೆ ಆಗದು. ನಾನು ಎಲ್ಲಿ ಓದಿದೆ ಎನ್ನುವುದಕ್ಕೂ ಈ ಮಕ್ಕಳಿಗೂ ಏನು ಸಂಬಂಧ? ಮೂವತ್ತು ಜನರನ್ನು ನೀವು ಬಿಟ್ಟರೂ ಬಿಡಿ. ಮಧುಮತಿಯ ಉತ್ತರವನ್ನು ಇನ್ನೊಮ್ಮೆ ಓದಿ. ಅಂದಪ್ಪನವರ ಮನೆಗೆ ಎರಡನೆಯ ಮಗ್ಗದ ಮರದ ಸಾಮಾನು ಬಂದಿದೆ.

ಕಮರುನ್ನಿಸಾ


ರೋಣ
6 ಏಪ್ರಿಲ್ 2007

ಕಮರುನ್ನಿಸಾ ಮೇಡಂ ಅವರಿಗೆ,

ಮೊದಲು ಎಲ್ಲರ ಪರವಾಗಿ ಸಿಟ್ಟಾದಿರಿ. ಈಗ ಮೂವತ್ತು ಜನರನ್ನು ಬಿಟ್ಟು ಒಬ್ಬಳನ್ನು ಉಳಿಸಿಕೊಳ್ಳಿ ಎನ್ನುತ್ತೀರಿ. ನನ್ನ ಅನುಮಾನ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ.

ಹದಿನಾರರ ಸಭೆಗೆ ಒಯ್ಯುವ ಪಟ್ಟಿಯಲ್ಲಿ ಸದ್ಯ ನಿಮ್ಮ ಶಾಲೆಯ ಹೆಸರಿಲ್ಲ. ವಸತಿನಿಲಯದ ಜಾಗಕ್ಕೆ ನರಗುಂದದ ಕಡೆಯಿಂದ ಅರ್ಜಿ ಹಾಕಿದ ಒಬ್ಬ ಹುಡುಗಿಯ ಹೆಸರಿದೆ. ಅದಕ್ಕೆ ಮೊದಲು ನಿಮ್ಮಿಂದ ಲಿಖಿತ ವಿವರಣೆ ಬಂದರೆ ಪಟ್ಟಿ ತಿದ್ದುತ್ತೇನೆ. ಇದು ನನ್ನ ಮಾತು.

ಸಂಜೀವಕುಮಾರ ಕುರಡಗಿ


ಗಜೇಂದ್ರಗಡ
10 ಏಪ್ರಿಲ್ 2007

ಕುರಡಗಿ ಸರ್ ಅವರಿಗೆ,

ನೀವು ಕೇಳಿದ ವಿವರಣೆ ಇದು.

ಆ ಸೋಮವಾರ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕರೆದು ಬರೆಸಿದೆ. ಒಬ್ಬೊಬ್ಬರೂ ಬಂದು, ಕೂತು, ಅದೇ ವಾಕ್ಯ ಬರೆದರು. ಹನ್ನೆರಡನೆಯವನು ಬರೆಯುವಾಗ ಅವನ ತುಟಿ ಅಲ್ಲಾಡುವುದನ್ನು ನೋಡಿದೆ. ತುಟಿಯ ಮೇಲೆ ಬರುತ್ತಿದ್ದದ್ದು ನನ್ನ ದನಿ, ನಾನು ಬರೆಸುವಾಗ ಎಳೆಯುವ ರಾಗ. ನಿಮ್ಮ ಪತ್ರದಲ್ಲಿ ಅದನ್ನು ಓದಿದಾಗ ನನಗೆ ಕಂಡದ್ದು ನಕಲಿನ ಆರೋಪ ಮಾತ್ರ, ನನ್ನದೇ ವಾಕ್ಯ ಕಣ್ಣಿಗೆ ಬಿದ್ದಿರಲಿಲ್ಲ. ಅವರು ಯಾರದನ್ನೂ ನಕಲು ಮಾಡಿರಲಿಲ್ಲ ಸರ್. ನನ್ನ ನೋಟ್ಸನ್ನು ಬಾಯಿಪಾಠ ಮಾಡಿದ್ದರು. ಪಠ್ಯಪುಸ್ತಕದಲ್ಲಿ ಆ ಮಾತಿಲ್ಲ. ನೆನಪಿಡಲು ಸುಲಭವೆಂದು ಹದಿಮೂರು ವರ್ಷದಿಂದ ನಾನೇ ಸೇರಿಸಿ ಬರೆಸುತ್ತಿದ್ದೇನೆ. ಬೋರ್ಡಿನ ಪರೀಕ್ಷೆಯಲ್ಲಿ ಅದನ್ನು ಯಾರೂ ಕೇಳಲಿಲ್ಲ, ಆದ್ದರಿಂದ ಯಾರಿಗೂ ತಿಳಿಯಲಿಲ್ಲ. ಒಂದು ದಾರಕ್ಕೆ ಒಂದು ಕಲ್ಲು ಕಟ್ಟಿ ನೋಡುವುದು ನನಗೆ ಒಂದು ದಿನವೂ ತೋಚಲಿಲ್ಲ.

ಮಧುಮತಿಯನ್ನು ಕೇಳಿದೆ, ನೀನು ಯಾಕೆ ಹೊಡೆದು ಹಾಕಿದೆ ಎಂದು. ಅವಳು ಹೆದರಿಕೊಂಡು ಹೇಳಿದಳು: “ನೀವು ಹೇಳಿದ್ದನ್ನ ಬರದ್ನಿರಿ. ಆಮ್ಯಾಲ ನಮ್ಮನಿ ಕಲ್ಲು ನೆನಪಾದ್ವು. ಅವು ಹಂಗ ಮಾಡೂದಿಲ್ಲಲ್ರಿ.”

ಅಂದು ಸಂಜೆಯೇ ಅವರ ಮನೆಗೆ ಹೋದೆ. ಹಾಸಿನ ನೂಲು ಬಿಗಿಯಾಗಿರಲಿ ಎಂದು ಮಗ್ಗದ ಹಿಂದೆ ಎರಡು ಕಲ್ಲು ತೂಗಿಬಿಟ್ಟಿದ್ದಾರೆ, ಒಂದು ತೆಂಗಿನಕಾಯಿಯಷ್ಟು, ಒಂದು ನಿಂಬೆಹಣ್ಣಿಗಿಂತ ತುಸು ದೊಡ್ಡದು. ಹಗ್ಗದ ಉದ್ದ ಒಂದೇ. ಅವಳು ಎರಡನ್ನೂ ಒಟ್ಟಿಗೆ ಎಳೆದು ಬಿಟ್ಟಳು. ಎರಡೂ ಒಟ್ಟಿಗೆ ಹೋದವು, ಒಟ್ಟಿಗೆ ಬಂದವು. ನಾನು ನಾಚಿಕೆಯಿಂದ ವೀರವ್ವನವರು ಕೊಟ್ಟ ಚಹಾವನ್ನೂ ಕುಡಿಯಲಿಲ್ಲ.

ಇಷ್ಟನ್ನು ಒಂದು ತಿಂಗಳ ಹಿಂದೆಯೇ ಬರೆಯಬಹುದಿತ್ತು. ಯಾಕೆ ಬರೆಯಲಿಲ್ಲ ಎಂಬುದೇ ಈ ಪತ್ರದ ಕಷ್ಟದ ಭಾಗ.

ಆ ವಾಕ್ಯವನ್ನು ನನಗೆ ಬರೆಸಿದವರು ನೀವು.

1988ರಲ್ಲಿ ನೀವು ರೋಣದ ಕಾಲೇಜಿಗೆ ಹೊಸದಾಗಿ ಬಂದಿರಿ. ನಾನು ಪ್ರಥಮ ಪಿಯುಸಿ. ಆಗ ನನ್ನ ಅಡ್ಡಹೆಸರು ನದಾಫ ಅಲ್ಲ, ಅದು ಮದುವೆಯ ನಂತರದ್ದು. ಬಾಗಿಲ ಪಕ್ಕದ ಬೆಂಚು, ರೋಲ್ ನಂಬರ್ 64. ನೀವು ನಮ್ಮನ್ನು ಹೆಸರು ಹಿಡಿದು ಕರೆದವರಲ್ಲ. ಪಾಠವನ್ನು ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದಿರಿ, ಅದಕ್ಕೆ ನಾವು ನಿಮ್ಮನ್ನು ದೇವರ ಹಾಗೆ ನೋಡುತ್ತಿದ್ದೆವು. “ಬರಕೊಳ್ರಿ, ಮುಂದ ಉಪಯೋಗ ಬೀಳತೈತಿ” ಎನ್ನುತ್ತಿದ್ದಿರಿ. ನಾನು ಬರೆದುಕೊಂಡೆ, ಉಪಯೋಗಕ್ಕೂ ಬಿತ್ತು.

ನಿಮ್ಮ ಫೆಬ್ರವರಿಯ ಪತ್ರ ಬಂದಾಗ ನನಗೆ ಇದರ ನೆನಪಿರಲಿಲ್ಲ. ಮಕ್ಕಳು ಎರಡನೆಯ ಸಲ ಬರೆದ ಮೇಲೆ ಹಳೆಯ ಟ್ರಂಕು ತೆಗೆದು ನೋಟಬುಕ್ಕಿನಲ್ಲಿ ಆ ಎತ್ತನ್ನು ಕಂಡೆ. ಆಮೇಲೆ ನಿಮ್ಮ ಪತ್ರವನ್ನು ಮತ್ತೆ ಓದಿದೆ. ಆ ವಾಕ್ಯ ನಿಮ್ಮದೆಂದು ನಿಮಗೆ ಗೊತ್ತಿದೆ, ಗೊತ್ತಿದ್ದೂ ತಪ್ಪನ್ನು ನಾನು ತಲೆಯ ಮೇಲೆ ಹೊರುತ್ತೇನೋ ಇಲ್ಲವೋ ಎಂದು ನೋಡುತ್ತಿದ್ದೀರಿ ಅನಿಸಿತು. ಒಪ್ಪಿಕೊಂಡರೆ ಹದಿಮೂರು ವರ್ಷ ತಪ್ಪು ಕಲಿಸಿದವಳು ಎಂದು ತಾಲೂಕೆಲ್ಲ ಸಾರುತ್ತೀರಿ ಎಂದೂ ಅನಿಸಿತು. ಹೆದರಿದೆ. ನನ್ನ ಹೆದರಿಕೆಯ ಬೆಲೆಯನ್ನು ಮಧುಮತಿ ತೆರುವುದು ಬೇಡ.

ಆ ಹಾಳೆಯನ್ನು ನೋಟಬುಕ್ಕಿನಿಂದ ಬಿಡಿಸಿ ಇದರ ಜೊತೆ ಇಟ್ಟಿದ್ದೇನೆ. ಮೇಲೆ ನಿಮ್ಮ ಹೆಸರು, ತಾರೀಖು ಇದೆ. ಇದರ ಇನ್ನೊಂದು ಪ್ರತಿ ನನ್ನಲ್ಲಿಲ್ಲ. ಹರಿದು ಹಾಕಿದರೆ ತಪ್ಪು ಪೂರ್ತಿ ನನ್ನದಾಗುತ್ತದೆ. ಆಗಲಿ. ಹುಡುಗಿಗೆ ಜಾಗ ಕೊಡಿ.

ಕಮರುನ್ನಿಸಾ


ಗಜೇಂದ್ರಗಡ
23 ಏಪ್ರಿಲ್ 2007

ಕುರಡಗಿ ಸರ್,

ಸಭೆ ಮುಗಿದು ಒಂದು ವಾರವಾಯಿತು. ವಸತಿನಿಲಯದ ಜಾಗ ನರಗುಂದದ ಕಡೆಯ ಹುಡುಗಿಗೆ ಹೋಯಿತೆಂದು ನಿಮ್ಮೂರಿಂದ ಬರುವ ಬಸ್ಸಿನಲ್ಲಿ ಯಾರೋ ಆಡಿಕೊಂಡದ್ದು ನನ್ನ ಕಿವಿಗೆ ಬಿತ್ತು. ನಿಮ್ಮಿಂದ ಒಂದು ಸಾಲೂ ಇಲ್ಲ.

ಪತ್ರ ತಲುಪಲಿಲ್ಲ ಎನ್ನಬೇಡಿ. ರಿಜಿಸ್ಟರ್ ಮಾಡಿ ಕಳಿಸಿದ್ದೆ, ನೀವೇ ಸಹಿ ಹಾಕಿ ತೆಗೆದುಕೊಂಡ ಚೀಟಿ ನನ್ನ ಕೈಯಲ್ಲಿದೆ. ಕಾಗದ ಗಟ್ಟಿ ಇರಬೇಕೆಂದು ಕಲಿಸಿದವರು ನೀವೇ.

ಆ ಹಾಳೆಯನ್ನು ಏನು ಮಾಡಿದಿರಿ ಎಂದು ಕೇಳುವುದಿಲ್ಲ. ಬೂದಿಗೆ ಪ್ರತಿ ಇರುವುದಿಲ್ಲ. ಕಳಕಪ್ಪ ಸರ್ ಹೇಳಿದ್ದು ಖರೆಯಾಯಿತು. ನಾನು ದಡ್ಡಿ, ಎರಡನೆಯ ಸಲ ನಿಮ್ಮನ್ನು ನಂಬಿದೆ.

ಎರಡನೆಯ ಮಗ್ಗ ಹೂಡಿಯಾಗಿದೆ. ಒಂದನೆಯ ತಾರೀಖಿನಿಂದ ಅವಳು ಕೂಡುತ್ತಾಳೆ.

ಕಮರುನ್ನಿಸಾ ನದಾಫ


ರೋಣ
28 ಏಪ್ರಿಲ್ 2007

ಕಮರುನ್ನಿಸಾ ಅವರಿಗೆ,

ಹಾಳೆ ಸುಟ್ಟಿಲ್ಲ. ಇದರ ಜೊತೆಯಲ್ಲೇ ಇದೆ, ನೋಡಿ. ಆದರೆ ಸುಡಬೇಕೆಂದು ಒಮ್ಮೆ ಕೈಯಲ್ಲಿ ಹಿಡಿದಿದ್ದೆ. ನೀವು ಅನುಮಾನ ಪಟ್ಟದ್ದರಲ್ಲಿ ಅರ್ಧ ನಿಜ.

ನಿಮ್ಮ ಪತ್ರ ಹದಿಮೂರಕ್ಕೆ ಬಂತು. ಹದಿನಾರರ ಸಭೆಗೆ ಅದನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡೇ ಹೋದೆ. ಹೊರಗೆ ತೆಗೆಯಲಿಲ್ಲ. ವಿವರಣೆ ಬಂದರೆ ಪಟ್ಟಿ ತಿದ್ದುತ್ತೇನೆಂದು ಬರೆದವನು ನಾನು. ಪಟ್ಟಿ ಓದಿದರು, ನಾನು ಸುಮ್ಮನೆ ಕೂತಿದ್ದೆ, ಜಾಗ ಹೋಯಿತು. ಇದಕ್ಕೆ ನನ್ನಲ್ಲಿ ಸಮಜಾಯಿಷಿ ಇಲ್ಲ.

ಕಾರಣ ಇದೆ, ಹೇಳುತ್ತೇನೆ. ಜೂನ್ ತಿಂಗಳಲ್ಲಿ ಪ್ರಾಚಾರ್ಯರ ಹುದ್ದೆ ಖಾಲಿಯಾಗುತ್ತದೆ, ನನ್ನ ಹೆಸರು ಮುಂದಿದೆ. ಫೆಬ್ರವರಿಯಲ್ಲಿ ನಿಮ್ಮ ಮಕ್ಕಳ ಪತ್ರಿಕೆಯಲ್ಲಿ ಆ ಎತ್ತನ್ನು ಕಂಡೊಡನೆ ನಾನು ಗುರುತು ಹಿಡಿದೆ. ಅದು ನನ್ನದೇ ಎತ್ತು. ಕೆಲಸಕ್ಕೆ ಸೇರಿದ ವರ್ಷ, ಇಪ್ಪತ್ತೈದರ ವಯಸ್ಸು, ತಯಾರಿ ಇಲ್ಲದೆ ಹೋಗಿ ಬಾಯಿಗೆ ಬಂದದ್ದನ್ನು ಬರೆಸಿದ್ದೆ. ಎರಡು ವರ್ಷದ ಮೇಲೆ ತಪ್ಪು ಗೊತ್ತಾಯಿತು. ನನ್ನ ನೋಟ್ಸಿನಲ್ಲಿ ತಿದ್ದಿಕೊಂಡೆ. ಅದಾಗಲೇ ಬರೆದುಕೊಂಡು ಹೋದವರಿಗೆ ಹೇಳಲಿಲ್ಲ. ಯಾರಿಗೆ ನೆನಪಿರುತ್ತದೆ ಎಂದುಕೊಂಡೆ. ಅಂದಿನಿಂದ ಪ್ರತಿ ಪರೀಕ್ಷೆಯಲ್ಲೂ ಆ ಪ್ರಶ್ನೆ ಕೇಳುತ್ತೇನೆ, ನನ್ನ ತಪ್ಪು ಇನ್ನೂ ಎಲ್ಲಾದರೂ ಉಳಿದಿದೆಯೋ ಎಂದು ನೋಡುವುದಕ್ಕೆ. ನಮ್ಮ ಕಾಲೇಜಿನವರು ನನ್ನ ತಿದ್ದಿದ ಪಾಠ ಕೇಳಿದ ಮೇಲೆ ಬರೆಯುವವರು, ಅವರಲ್ಲಿ ಅದು ಎಂದೂ ಕಂಡಿರಲಿಲ್ಲ.

ಉಳಿದದ್ದು ಕಂಡಾಗ ಮಾಡಿದ್ದೇನು? ಹುದ್ದೆಗೆ ಅಡ್ಡ ಬರಲು ಯಾರೋ ನನ್ನ ಹಳೆಯ ನೋಟ್ಸ್ ಹುಡುಕಿ, ನಿಮ್ಮ ಕೈಯಿಂದ ಮೂವತ್ತು ಮಕ್ಕಳಿಗೆ ಬರೆಸಿದ್ದಾರೆ ಎಂದು ನಂಬಿದೆ. ದಾಖಲಾತಿ ಪುಸ್ತಕದಲ್ಲಿ ವಿದ್ಯಾರ್ಥಿನಿಯನ್ನು ಹುಡುಕಲಿಲ್ಲ, ವೈರಿಯನ್ನು ಹುಡುಕಿದೆ. ರೋಲ್ ನಂಬರ್ 64ರ ಮುಖ ನೆನಪು ಮಾಡಿಕೊಳ್ಳಲು ನೋಡಿದೆ. ಬರಲಿಲ್ಲ. ಅದಕ್ಕೂ ಕ್ಷಮಿಸಿ.

ಮೊನ್ನೆ ಇಪ್ಪತ್ತಾರಕ್ಕೆ, ನಿಮಗೆ ತಿಳಿಸದೆ, ನಿಮ್ಮೂರಿಗೆ ಬಂದಿದ್ದೆ. ನಿಮಗೆ ಮುಖ ತೋರಿಸುವ ಧೈರ್ಯ ಇರಲಿಲ್ಲ. ವಿಚಾರಿಸಿಕೊಂಡು ಅಂದಪ್ಪನವರ ಮನೆಗೆ ಹೋದೆ. ಕಲ್ಲು ನೋಡಬೇಕು ಎಂದೆ. ಅವರು ಲಾಳಿ ಬಿಟ್ಟು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, “ಕಲ್ಲ ನೋಡಾಕ ರೋಣದಿಂದ ಬಂದ್ರ್ಯಾ? ರೋಣದಾಗ ಕಲ್ಲಿಲ್ಲೇನ್ರಿ?” ಎಂದರು. ಮಧುಮತಿ ಎರಡು ಕಲ್ಲನ್ನೂ ಎಳೆದು ಬಿಟ್ಟಳು. ನಾನು ಕೈಗಡಿಯಾರ ನೋಡಿದೆ. ಅವಳು ನೋಡಲಿಲ್ಲ, ಅವಳಿಗೆ ಬೇಕಾಗಿರಲಿಲ್ಲ.

ವಸತಿನಿಲಯದ ಜಾಗ ಹೋದದ್ದನ್ನೂ, ಯಾರಿಂದ ಹೋಯಿತು ಎಂಬುದನ್ನೂ ಅವರಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ನಮ್ಮ ಮನೆಯಲ್ಲಿ ನನ್ನ ತಾಯಿ ಗಾಳೆವ್ವ ಇದ್ದಾರೆ, ಎರಡು ವರ್ಷ ಹುಡುಗಿ ಅವರ ಕೋಣೆಯಲ್ಲಿ ಇರಲಿ ಎಂದು ಕೇಳಿಕೊಂಡೆ. ಅಂದಪ್ಪ ಕಡಿದ ಎಳೆಯೊಂದನ್ನು ಹುಡುಕಿ ಗಂಟು ಹಾಕತೊಡಗಿದರು. ಒಳಗಿನಿಂದ ವೀರವ್ವ ಬಂದು, “ತಪ್ಪ ಮಾಡೀನಿ ಅಂತ ಬಾಗಲಕ್ಕ ಬಂದು ಹೇಳಿದ ಮಾಸ್ತರನ್ನ ನಾ ಇವತ್ತ ಮೊದಲ ನೋಡಿದ್ದು. ಕಳಸೂನು” ಎಂದರು. ಅಂದಪ್ಪ ಮತ್ತೆ ಲಾಳಿ ಹಿಡಿದು, “ಎರಡನೇ ಮಗ್ಗಕ್ಕ ನೀನ ಕೂಡ್ತಿಯೇನ ಮತ್ತ?” ಎಂದು ಗೊಣಗಿದರು. “ಕೂಡ್ತೀನಿ” ಎಂದರು ವೀರವ್ವ. ಅಷ್ಟಕ್ಕೆ ಮಾತು ಮುಗಿಯಿತು.

ನಿನ್ನೆ ನಮ್ಮ ಸಿಬ್ಬಂದಿ ಸಭೆಯಲ್ಲಿ ಈ ಹಾಳೆಯನ್ನು ಗಟ್ಟಿಯಾಗಿ ಓದಿದೆ. ಕೆಲವರು ನಕ್ಕರು. ಒಬ್ಬರು ನಗಲಿಲ್ಲ, ತಮ್ಮ ನೋಟ್ಸಿನ ಕಟ್ಟನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಒಯ್ದರು. ಹುದ್ದೆಯ ಮಾತು ಏನಾಗುತ್ತದೋ ಗೊತ್ತಿಲ್ಲ.

ಮೇ ಏಳರಿಂದ ಬೇಸಿಗೆ ಪಾಠ. ನಿಮ್ಮ ಮೂವತ್ತೊಂದು ಮಕ್ಕಳಲ್ಲಿ ಬರಲು ಮನಸ್ಸಿರುವವರೆಲ್ಲ ಬರಲಿ. ಹನ್ನೆರಡರ ಲೆಕ್ಕ ಬಿಟ್ಟಿದ್ದೇನೆ. ನೀವೂ ಬನ್ನಿ. ಮೊದಲ ದಿನದ ಪಾಠ ದಾರ ಮತ್ತು ಕಲ್ಲು. ನಾವಿಬ್ಬರೂ ಸೇರಿಯೇ ಮಾಡೋಣ.

ಸಂಜೀವಕುಮಾರ


ಗಜೇಂದ್ರಗಡ
3 ಜೂನ್ 2007

ಸರ್ ಅವರಿಗೆ,

ಬೇಸಿಗೆ ಪಾಠದ ಮೂರು ವಾರ ನಾನು ನಿಮ್ಮ ಮೇಲೆ ಕಣ್ಣಿಟ್ಟೇ ಕೂತಿದ್ದೆ. ನಿಮಗೂ ಗೊತ್ತಿತ್ತು. ನೀವೂ ನಾನು ಹಲಗೆಯ ಮೇಲೆ ಬರೆದದ್ದನ್ನು ಎರಡೆರಡು ಸಲ ಓದುತ್ತಿದ್ದಿರಿ. ಒಬ್ಬರನ್ನೊಬ್ಬರು ಪೂರ್ತಿ ನಂಬಲು ನಮಗೆ ಇನ್ನೂ ಕಾಲ ಬೇಕು. ಇರಲಿ ಬಿಡಿ, ಮಕ್ಕಳಿಗೆ ಅದರಿಂದ ಒಳ್ಳೆಯದೇ ಆಯಿತು.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಮೂವರು ಈಗ ಮಾಸ್ತರರಾಗಿದ್ದಾರೆ. ಮೂವರಿಗೂ ಕಾಗದ ಬರೆದೆ, ಎತ್ತನ್ನು ಬಿಚ್ಚಿ ಬಿಡಿ ಎಂದು. ಒಬ್ಬ ಉತ್ತರ ಬರೆದಿದ್ದಾನೆ, ಅವನೂ ಅದನ್ನೇ ಬರೆಸುತ್ತಿದ್ದನಂತೆ. ಉಳಿದಿಬ್ಬರ ಉತ್ತರ ಬಂದಿಲ್ಲ. ಅವರ ಮೌನವನ್ನು ನಾನು ಹೇಗೆ ಓದಿಕೊಳ್ಳಬೇಕೆಂದು ನಿಮಗೆ ಹೇಳಬೇಕಿಲ್ಲ.

ನಾಳೆ ಬೆಳಗಿನ ಬಸ್ಸಿಗೆ ಮಧುಮತಿಯನ್ನು ಕರೆದುಕೊಂಡು ಬರುತ್ತಿದ್ದೇನೆ. ನಿಮ್ಮ ತಾಯಿಯವರಿಗೆ ಎಂದು ವೀರವ್ವ ತಾವೇ ನೇಯ್ದ ಸೀರೆ ಕೊಟ್ಟಿದ್ದಾರೆ, ಬೇಡ ಎನ್ನಬೇಡಿ. ಹುಡುಗಿ ತನ್ನ ಚೀಲದಲ್ಲಿ ಬಟ್ಟೆಗಿಂತ ಮೊದಲು ಆ ಸಣ್ಣ ಕಲ್ಲನ್ನು ಇಟ್ಟುಕೊಂಡಿದ್ದಾಳೆ. ಅದು ಯಾತಕ್ಕ, ಸರ್ ಒಪ್ಪಿದ್ದು ಆತಲ್ಲ ಎಂದೆ. “ನಮ್ಮನ್ಯಾಗ ಹಂಗ ತೂಗತಾವ್ರಿ. ರೋಣದಾಗೂ ಹಂಗ ತೂಗತಾವೇನು ಅಂತ ನೋಡ್ಬೇಕ್ರಿ” ಎಂದಳು. ಅವಳು ನಿಮ್ಮನ್ನೂ ನಂಬಿಲ್ಲ, ನನ್ನನ್ನೂ ನಂಬಿಲ್ಲ. ಹತ್ತೊಂಬತ್ತು ವರ್ಷದ ಹಿಂದೆ ಬಾಗಿಲ ಪಕ್ಕದ ಬೆಂಚಿನಲ್ಲಿ ಕೂತಿದ್ದ ನನಗೆ ಆ ಬುದ್ಧಿ ಇರಲಿಲ್ಲವಲ್ಲ ಎಂದು ರಾತ್ರಿಯೆಲ್ಲ ಅನಿಸಿತು.

ಒಂದು ಮಾತು ಮೊದಲೇ ತಿಳಿಸಿಡುತ್ತೇನೆ. ತರಗತಿಯಲ್ಲಿ ನೀವು “ಬರಕೊಳ್ರಿ” ಎಂದಾಗ ಎಲ್ಲರೂ ಬರೆಯುತ್ತಾರೆ. ಅವಳು ತಕ್ಷಣ ಬರೆಯುವುದಿಲ್ಲ. ಸ್ವಲ್ಪ ಹೊತ್ತು ನಿಮ್ಮ ಮುಖವನ್ನೇ ನೋಡುತ್ತಾಳೆ. ಸಿಟ್ಟಾಗಬೇಡಿ.

ನಿಮ್ಮ ವಿದ್ಯಾರ್ಥಿನಿ,
ಕಮರುನ್ನಿಸಾ